‘ತೊಟ್ಟಿ ಸತ್ತಿದೆ’ ಎಂದು ಹೇಳಿದವರು

ಕುಡಿಯುವ ನೀರನ್ನು ಊರಿಗೆ ತಂದವರಿಗೆ ಸನ್ಮಾನಗಳಾಗುತ್ತವೆ, ಕೆಲವರ ಪ್ರತಿಮೆಗಳೂ ಏಳುತ್ತವೆ. ಅದೇ ನೀರು ಬಚ್ಚಲಿನಿಂದ, ಪಾಯಿಖಾನೆಯಿಂದ ಹೊರಟ ಮೇಲೆ ಎಲ್ಲಿಗೆ ಹೋಯಿತೆಂದು ನೋಡಿಕೊಂಡವರಿಗೆ ಅಭಿನಂದನ ಗ್ರಂಥ ಬಂದದ್ದನ್ನು ನಾನು ಕಂಡಿಲ್ಲ. ಕೊಳಚೆ ನೀರಿನ ಶುದ್ಧೀಕರಣವೆಂಬ, ಯಾರೂ ಮೂಗು ತೆರೆದು ಹತ್ತಿರ ಬಾರದ ಕ್ಷೇತ್ರದಲ್ಲಿ ಮೂವತ್ತನಾಲ್ಕು ವರ್ಷ ದುಡಿದು, ನಮ್ಮ ಘಟಕದ ಪ್ರಯೋಗಾಲಯದ ಮುಖ್ಯಸ್ಥೆಯಾಗಿ ನಿವೃತ್ತರಾಗಿರುವವರಿಗೆ ಈ ಸಂಪುಟ ಸಲ್ಲುತ್ತಿರುವುದು ತಡವಾದರೂ ಸರಿಯಾದ ಕೆಲಸ. ದಾಖಲೆಗಳಲ್ಲಿ ಅವರು ಹಿರಿಯ ರಸಾಯನ ತಜ್ಞೆ. ಘಟಕದಲ್ಲಿ ಎದುರಿಗೆ ‘ಅಕ್ಕ’, ಬೆನ್ನ ಹಿಂದೆ ‘ಹುಳದಕ್ಕ’. ಎರಡನೆಯದು ತಮ್ಮ ಕಿವಿಗೆ ಬಿದ್ದೇ ಇಲ್ಲವೆಂಬಂತೆ ಅವರು ಕೊನೆಯವರೆಗೂ ನಡೆದುಕೊಂಡರು.

ಅವರು ಕೆಲಸಕ್ಕೆ ಸೇರಿದಾಗ ಇಲ್ಲಿ ಇದ್ದದ್ದು ಎರಡು ತೊಟ್ಟಿ, ತಗಡಿನ ಮಾಡಿನ ಒಂದು ಕೋಣೆ, ಒಂದು ಹಳೆಯ ಸೂಕ್ಷ್ಮದರ್ಶಕ. ಸೊಸೆಯ ಉದ್ಯೋಗವೇನೆಂದು ಕೇಳಿದವರಿಗೆ ಅವರ ಅತ್ತೆ “ನೀರಿನ ಇಲಾಖೆ” ಎಂದಷ್ಟೇ ಹೇಳಿ ಮಾತು ತಿರುಗಿಸುತ್ತಿದ್ದರಂತೆ. ಅಕ್ಕ ಒಂದು ದಿನ ಅತ್ತೆಯನ್ನೇ ಕರೆತಂದು ತೊಟ್ಟಿಯ ಕಟ್ಟೆಯ ಮೇಲೆ ನಿಲ್ಲಿಸಿದರು. ಅತ್ತೆ ಮೂಗು ಮುಚ್ಚಿಕೊಂಡು ಸುತ್ತಲೂ ನೋಡಿ, “ಇದಕ್ಕೆ ಇಷ್ಟೆಲ್ಲ ಓದ್ಬೇಕಿತ್ತೇನೇ?” ಎಂದರು.

“ಇದಕ್ಕೇ ಅತ್ತೆ ಓದಿದ್ದು. ನೀವು ಬೆಳಿಗ್ಗೆ ಕಳಿಸಿದ್ದು ಆಗ್ಲೇ ಇಲ್ಲಿಗೆ ಬಂದಾಯ್ತು.”

ಈ ಕಥೆಯನ್ನು ನನಗೆ ಹೇಳಿದವರು ಸ್ವತಃ ಆ ಅತ್ತೆ. ಎಂಬತ್ತು ದಾಟಿದ ಆಕೆ ಈಗಲೂ ಹೇಳಿ ಹೇಳಿ ನಗುತ್ತಾರೆ.

ನಾನು ಓದಿದ್ದು ಹಾಸ್ಟೆಲ್ಲಿನ ಗ್ರಂಥಾಲಯದಲ್ಲಿ. ಅಲ್ಲಿ ಪ್ರಕೃತಿಯ ಮೇಲೆ ಎರಡು ಕಪಾಟು ಪುಸ್ತಕಗಳಿದ್ದವು. ಅವುಗಳಲ್ಲಿ ಪ್ರಕೃತಿಯೆಂದರೆ ಬಸ್ಸು ಹತ್ತಿ ಹೋಗಬೇಕಾದ ಜಾಗ: ಕಾಡು, ಬೆಟ್ಟ, ಹಕ್ಕಿ. ಅದು ಬಚ್ಚಲಿನ ತೂತಿನಿಂದಲೇ ಶುರುವಾಗುತ್ತದೆಂದು ನಾನು ತಿಳಿದದ್ದು ಅಕ್ಕನವರ ಕೈಕೆಳಗೆ. ನಮ್ಮಲ್ಲಿ ಗಾಳಿ ತೊಟ್ಟಿಯೆಂಬುದೊಂದಿದೆ. ಅದರ ತಳದಿಂದ ಯಂತ್ರಗಳು ಹಗಲಿರುಳು ಗಾಳಿ ಊದುತ್ತವೆ. ಆ ಗಾಳಿಯನ್ನು ಉಸಿರಾಡಿ, ಕಣ್ಣಿಗೆ ಕಾಣದ ಕೋಟ್ಯಂತರ ಜೀವಿಗಳು ಊರಿನ ಹೊಲಸನ್ನು ತಿನ್ನುತ್ತವೆ. ತಿಂದು ಕೆಸರಾಗಿ ತಳಕ್ಕಿಳಿದರೆ ಮೇಲಿನ ತಿಳಿನೀರು ಕೆರೆಗೆ ಹೋಗುತ್ತದೆ. “ನಮ್ಮ ಘಟಕವು ನೀರನ್ನು ಶುದ್ಧಗೊಳಿಸುತ್ತದೆ” ಎಂದು ಕರಪತ್ರವೊಂದರಲ್ಲಿ ನಾನು ಬರೆದಿದ್ದ ಸಾಲನ್ನು ಅವರು ಹೊಡೆದುಹಾಕಿದರು. “ನಾವೇನ್ ಮಾಡ್ತೀವಪ್ಪಾ? ಗಾಳಿ ಕೊಡ್ತೀವಿ, ಅಡ್ಡ ಬರದೆ ಇರ್ತೀವಿ. ಅಷ್ಟನ್ನೇ ಬರಿ.”

ಪ್ರತಿ ಬೆಳಿಗ್ಗೆ ಅವರು ತೊಟ್ಟಿಯ ನೀರನ್ನು ಒಂದು ಲೀಟರಿನ ಗಾಜಿನ ಜಾರಿಗೆ ತುಂಬಿ ಮೇಜಿನ ಮೇಲಿಟ್ಟು, ಕೆಸರು ಹೇಗೆ ಇಳಿಯುತ್ತದೆಂದು ಅರ್ಧ ಗಂಟೆ ನೋಡುತ್ತಿದ್ದರು. ಆ ಅರ್ಧ ಗಂಟೆ ವ್ಯವಸ್ಥಾಪಕರು ಬಂದರೂ ಕಾಯಬೇಕಿತ್ತು. “ಮೊದ್ಲು ಅವುಗಳ ವರದಿ ಆಗ್ಲಿ ಸಾರ್, ಆಮೇಲೆ ನಿಮ್ದು.”

ಇನ್ನು ನನ್ನ ತಪ್ಪಿನ ವಿಷಯ. ಅದನ್ನು ಬಿಟ್ಟರೆ ಈ ಲೇಖನ ಬರೆಯಲು ನನಗೆ ಬೇರೆ ಅರ್ಹತೆಯಿಲ್ಲ.

ಏಳು ವರ್ಷದ ಹಿಂದೆ, ನಾನು ಸೇರಿದ ನಾಲ್ಕನೆಯ ತಿಂಗಳು. ಪಕ್ಕದ ವಸತಿ ಸಮುಚ್ಚಯದವರು ವಾಸನೆಯೆಂದು ದೂರು ಕೊಟ್ಟಿದ್ದರು. ಸೋಮವಾರ ತಪಾಸಣೆಯವರು ಬರುವುದಿತ್ತು. ಅಕ್ಕ ಮಗಳ ಹೆರಿಗೆಗೆಂದು ರಜೆಯ ಮೇಲಿದ್ದರು. ವ್ಯವಸ್ಥಾಪಕರು “ಏನಾದ್ರೂ ಮಾಡು, ವಾಸ್ನೆ ಇರಬಾರ್ದು” ಎಂದರು. ನಾನು ಮಾಡಿದೆ. ಬ್ಲೀಚಿಂಗ್ ಪುಡಿ ಕುಡಿಯುವ ನೀರನ್ನು ಶುದ್ಧಮಾಡುತ್ತದೆಂದು ಓದಿದ್ದೆ. ಕುಡಿಯುವ ನೀರಿಗೆ ಒಂದು ಚಮಚೆಯಾದರೆ ಕೊಳಚೆಗೆ ಆರು ಮೂಟೆ ಎಂದು ಲೆಕ್ಕ ಹಾಕಿ, ಶನಿವಾರ ಮಧ್ಯಾಹ್ನ ಆರನ್ನೂ ಗಾಳಿ ತೊಟ್ಟಿಗೆ ಸುರಿದೆ. ಸಂಜೆಗೆ ವಾಸನೆ ಮಾಯ. ಇಡೀ ಘಟಕ ಈಜುಕೊಳದಂತೆ ಘಮಘಮಿಸಿತು. ನನಗೆ ನನ್ನ ಬುದ್ಧಿಯ ಮೇಲೆಯೇ ಗೌರವ ಹುಟ್ಟಿತು.

ಸೋಮವಾರ ಬೆಳಿಗ್ಗೆ ರಜೆ ಮುಗಿಸಿ ಬಂದ ಅಕ್ಕ ಗೇಟಿನಲ್ಲೇ ನಿಂತುಬಿಟ್ಟರು. ಒಂದು ಉಸಿರು ಎಳೆದುಕೊಂಡು ನೇರವಾಗಿ ತೊಟ್ಟಿಗೆ ಹೋದರು. ಕಂದು ಬಣ್ಣವಿರಬೇಕಾದ ನೀರು ಬೂದು ಬಣ್ಣಕ್ಕೆ ತಿರುಗಿತ್ತು, ಮೇಲೆ ಬಿಳಿ ನೊರೆ. ಒಂದು ಹನಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಬಹಳ ಹೊತ್ತು ನೋಡಿದರು. ಏನೂ ಅಲುಗಾಡುತ್ತಿರಲಿಲ್ಲ.

“ಯಾರು ಹಾಕಿದ್ದು?”

“ನಾನೇ ಅಕ್ಕ.”

“ಎಷ್ಟು?”

ಹೇಳಿದೆ. ಅವರು ಬೈಯಲಿಲ್ಲ. ಲಾಗ್ ಪುಸ್ತಕವನ್ನು ನನ್ನ ಮುಂದಕ್ಕೆ ತಳ್ಳಿ, “ಹೇಳಿದ್ದನ್ನೇ ಬರಿ. ಸಹಿ ಹಾಕು” ಎಂದರು.

ತಪಾಸಣೆಯವರು ಬಂದಾಗ ಅವರಿಗೆಲ್ಲ ಪರಮಾನಂದ. ಇಷ್ಟು ಸ್ವಚ್ಛ ಘಟಕವನ್ನು ತಾವು ನೋಡಿಯೇ ಇಲ್ಲವೆಂದು ಅವರ ಹಿರಿಯರು ಹೇಳಿದರು; ವ್ಯವಸ್ಥಾಪಕರು ಹಿಗ್ಗಿ ಹೀರೇಕಾಯಿಯಾದರು. ಆಗ ಅಕ್ಕ ಮುಂದೆ ಬಂದು, “ತೊಟ್ಟಿ ಸತ್ತಿದೆ ಸಾರ್. ಈಗ ಕೆರೆಗೆ ಹೋಗ್ತಿರೋದು ಕೊಳಚೆನೇ. ಕೆಳಗಿನ ಮೀನುಗಾರರಿಗೆ ಇವತ್ತೇ ಹೇಳ್ಬೇಕು” ಎಂದು ಲಾಗ್ ಪುಸ್ತಕ ತೆರೆದು ತೋರಿಸಿದರು.

ತಪಾಸಣೆಯವರು ಹೋದ ಮೇಲೆ ವ್ಯವಸ್ಥಾಪಕರು ತಲೆ ಚಚ್ಚಿಕೊಂಡರು. “ಹೊಗಳೋಕೆ ಬಂದೋರ ಹತ್ರ ಕರೆದು ಉಗಿಸ್ಕೊಂಡ್ರಲ್ರೀ!”

“ಅವರು ಹೊಗಳಿದ್ದು ಹೆಣಾನ ಸಾರ್.”

ಹದಿನೈದು ದಿನದ ಗಡುವು ಸಿಕ್ಕಿತು. ಅಷ್ಟರೊಳಗೆ ತೊಟ್ಟಿಗೆ ಜೀವ ಬಾರದಿದ್ದರೆ ಘಟಕಕ್ಕೆ ಬೀಗ, ಊರಿನ ಕೊಳಚೆ ನೇರ ಕೆರೆಗೆ, ನನಗೆ ಮನೆಯ ದಾರಿ. ಅಕ್ಕ ಬೇರೊಂದು ಘಟಕದಿಂದ ಜೀವಂತ ಕೆಸರನ್ನು ಟ್ಯಾಂಕರಿನಲ್ಲಿ ತರಿಸಿ, ಹಾಲಿಗೆ ಹೆಪ್ಪು ಹಾಕಿದಂತೆ ತೊಟ್ಟಿಗೆ ಹಾಕಿಸಿದರು. ಆದರೆ ಹೊಸ ಜೀವಿಗಳು ಹೆಚ್ಚಿಕೊಳ್ಳುವ ತನಕ ಅವುಗಳ ಬಾಯಿಗೆ ಬೀಳುವ ಹೊಲಸು ಕಡಿಮೆಯಾಗಬೇಕಿತ್ತು. ಊರಿಗೆ ‘ಕಡಿಮೆ ತೊಳೆಯಿರಿ’ ಎಂದು ಹೇಳುವವರು ಯಾರು? ಅಕ್ಕ ಹೇಳಿದರು. ದೂರು ಕೊಟ್ಟಿದ್ದ ಅದೇ ಸಮುಚ್ಚಯದ ಸಭೆಗೆ ಕೊಳಚೆ ತುಂಬಿದ ಜಾರು ಹಿಡಿದು ಹೋಗಿ, ಅದನ್ನು ಬಿಸ್ಕತ್ತಿನ ತಟ್ಟೆಯ ಪಕ್ಕದಲ್ಲೇ ಇಟ್ಟರು.

“ಏನಮ್ಮಾ ಇದು, ಗಲೀಜು!” ಎಂದರು ಕಾರ್ಯದರ್ಶಿ.

“ನಿಮ್ದೇ. ವಾಪಸ್ ಕೊಡೋಕೆ ಬಂದಿಲ್ಲ, ಹೆದರ್ಬೇಡಿ. ತಪ್ಪು ನಮ್ದು, ನಮ್ಮ ತೊಟ್ಟಿಗೆ ಹುಷಾರಿಲ್ಲ. ಹತ್ತು ದಿನ ಸ್ವಲ್ಪ ಕಡಿಮೆ ಬಡಿಸಿ. ಫಿನಾಯಿಲ್ ಬೇಡ, ಎರಡೆರಡು ಸಲ ಸ್ನಾನ ಬೇಡ, ಬಟ್ಟೆ ಮೂರು ದಿನಕ್ಕೊಮ್ಮೆ ಸಾಕು.”

“ಶುಲ್ಕ ಕಟ್ಟೋದು ಯಾಕೆ ಮತ್ತೆ?” ಎಂದು ಹಿಂದಿನಿಂದ ಒಬ್ಬರು.

“ಶುಲ್ಕ ನನಗೆ ಬರುತ್ತೆ. ಅವಕ್ಕೆ ಬರಲ್ವಲ್ಲ.”

ಎಲ್ಲರೂ ಒಪ್ಪಿದರೆಂದು ಬರೆದರೆ ಸುಳ್ಳಾಗುತ್ತದೆ. ಇಬ್ಬರು ಎದ್ದು ಹೋದರು. ಆದರೂ ಅಂಥ ಒಂಬತ್ತು ಸಭೆಗಳಾದ ಮೇಲೆ ಒಳಬರುವ ನೀರು ಮೂರರಲ್ಲಿ ಒಂದು ಪಾಲು ತಗ್ಗಿತು. ಇಷ್ಟು ಕಡಿಮೆ ನೀರಿನಲ್ಲಿ ಬದುಕಬಹುದೆಂಬುದು ಊರಿನವರಿಗೂ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಕೆಲವು ಮನೆಗಳು ಮತ್ತೆ ಹಳೆಯ ಅಳತೆಗೆ ಹೋಗಲೇ ಇಲ್ಲ.

ಗಡುವಿನ ಮೂರನೆಯ ದಿನ ಕೆರೆಯ ಬಾಯಲ್ಲಿ ಸತ್ತ ಮೀನುಗಳು ತೇಲಿದವು. ಅಕ್ಕ ನನ್ನ ಕೈಗೆ ಬಕೆಟ್ಟು ಕೊಟ್ಟು ಕಳಿಸಿದರು. ಸಮಾಧಾನದ ಮಾತು ಬರಬಹುದೆಂದು ನಿಂತೆ. “ಹೆಕ್ಕಿ ಮುಗಿದ್ಮೇಲೆ ಎಷ್ಟಿತ್ತು ಅಂತ ಪುಸ್ತಕಕ್ಕೆ ಏರಿಸು” ಎಂದರು. ನಲವತ್ತಮೂರು ಇದ್ದವು. ಏರಿಸಿದೆ.

ಹನ್ನೊಂದನೆಯ ಬೆಳಿಗ್ಗೆ ಅವರು ಸೂಕ್ಷ್ಮದರ್ಶಕದಿಂದ ಕಣ್ಣೆತ್ತದೆ ಕೈಬೀಸಿ ಕರೆದರು. ಬಾಗಿ ನೋಡಿದೆ. ಸಣ್ಣ ದಂಟಿನ ತುದಿಯಲ್ಲಿ ಗಂಟೆಯಂಥದ್ದೊಂದು ಕುಗ್ಗುತ್ತ, ಹಿಗ್ಗುತ್ತ ಇತ್ತು.

“ಏನೋ ಅಲುಗಾಡ್ತಿದೆ ಅಕ್ಕ.”

“ಏನೋ ಅಲ್ಲ ಕಣೋ. ನಿನ್ನ ಕೆಲ್ಸ ಉಳಿಸಿದೋರು. ನಮಸ್ಕಾರ ಹೇಳು.”

ಹೇಳಿದೆ. ಪಕ್ಕದಲ್ಲಿದ್ದ ಪಂಪಿನವರು ಇಂದಿಗೂ ಅದನ್ನು ಅಣಕಿಸುತ್ತಾರೆ.

ಘಟಕ ಉಳಿಯಿತು. ಅಕ್ಕನವರಿಗೆ ಬರಬೇಕಿದ್ದ ಮುಖ್ಯ ಕಚೇರಿಯ ಬಡ್ತಿ ಬರಲಿಲ್ಲ; ಅವರಿಗಿಂತ ಆರು ವರ್ಷ ಕಿರಿಯರೊಬ್ಬರಿಗೆ ಹೋಯಿತು. ಅವರಿಗೆ ಬೇಸರವಾಗಲಿಲ್ಲ ಎಂದು ಇಂಥ ಗ್ರಂಥಗಳಲ್ಲಿ ಬರೆಯುವ ರೂಢಿಯಿದೆ. ಆಯಿತು. ಆ ಕಚೇರಿಗೆಂದು ಎರಡು ಜೊತೆ ಬಟ್ಟೆ ಹೊಲಿಸಿಟ್ಟಿದ್ದರೆಂದು ಅವರ ಮಗಳು ಹೇಳಿದ್ದಾಳೆ. ತಪಾಸಣೆಯವರ ಮುಂದೆ ಸುಮ್ಮನಿದ್ದಿದ್ದರೆ ಬಡ್ತಿ ಆಗುತ್ತಿತ್ತಲ್ಲವೇ ಎಂದು ನಾನೊಮ್ಮೆ ಕೇಳಿದಾಗ, “ಆಗ್ತಿತ್ತು” ಎಂದು ಮುಂದಿನ ಜಾರು ತುಂಬಿಸಿದರು.

ಅವರಿಗೆ ನೂರು ತುಂಬಲಿ, ಕಣ್ಣು ಸೂಕ್ಷ್ಮದರ್ಶಕಕ್ಕೆ ಸಾಕಾಗುವಷ್ಟು ಚುರುಕಾಗಿರಲಿ. ಈಗ ಶಾಲೆಗಳಿಗೆ ಹೋಗಿ ಮಕ್ಕಳಿಗೆ ಒಂದೊಂದು ಹನಿ ತೋರಿಸುವ ಕೆಲಸ ಹಿಡಿದಿದ್ದಾರೆ. ಅದು ಬಹಳ ಕಾಲ ನಡೆಯಲಿ. ಈ ಹಾರೈಕೆಯಲ್ಲಿ ನಮ್ಮ ಸ್ವಾರ್ಥವೂ ಇದೆ. ತಪ್ಪು ಮಾಡುವ ವಯಸ್ಸು ನಮಗಾರಿಗೂ ಕಳೆದಿಲ್ಲ.

ಬೀಳ್ಕೊಡುಗೆ ಸಮಾರಂಭ ನಡೆದದ್ದು ಗಾಳಿ ತೊಟ್ಟಿಯ ಪಕ್ಕದ ಅಂಗಳದಲ್ಲಿ. ಯಂತ್ರಗಳ ಸದ್ದಿಗೆ ಮೈಕಿನ ಮಾತು ಕೇಳುತ್ತಿರಲಿಲ್ಲ. ವ್ಯವಸ್ಥಾಪಕರು ನನ್ನನ್ನು ಕರೆದು, “ಅರ್ಧ ಗಂಟೆ ಗಾಳಿ ನಿಲ್ಸಯ್ಯ, ಅಷ್ಟಕ್ಕೆಲ್ಲ ಸಾಯ್ತಾವಾ?” ಎಂದರು.

“ಸಾಯಲ್ಲ ಸಾರ್. ಆದ್ರೆ ಭಾಷಣ ಅರ್ಧ ಗಂಟೆಗೆ ಮುಗಿಯಲ್ಲ.”

ನಿಲ್ಲಿಸಲಿಲ್ಲ. ಎರಡು ಗಂಟೆ, ಏಳು ಜನ, ಅಕ್ಕನವರ ಗುಣಗಾನ ಮಾಡಿದರು. ವೇದಿಕೆಯ ಮೇಲೆ ಕುಳಿತಿದ್ದ ಅಕ್ಕನವರಿಗೂ ಅದರಲ್ಲಿ ಒಂದಕ್ಷರ ಕೇಳಿಸಲಿಲ್ಲ. ಆದ್ದರಿಂದ ನನ್ನ ಪಾಲಿನದನ್ನು ಇಲ್ಲಿ ಬರೆದು ಕೊಟ್ಟಿದ್ದೇನೆ.