ಹೆಸರು ಹೇಳಬಾರದ ಪುಡಿ

ನನ್ನ ಮೊದಲ ಮೊಮ್ಮಗಳು ಹುಟ್ಟಿದ ದಿನ ಮೈಸೂರಿನ ಕೆಸರೆಯ ನಮ್ಮ ಬೀದಿಯಲ್ಲಿ ನಾನು ಸಕ್ಕರೆ ಕೊಡದೆ ಬಿಟ್ಟ ಮನೆ ಇಲ್ಲ. ಮಾತು ಬಿಟ್ಟಿದ್ದ ಎದುರುಮನೆಯವಳ ಬಾಯಿಗೂ ಹಾಕಿ ಬಂದೆ. ಅಷ್ಟು ಸಂತೋಷದಲ್ಲೂ ಒಬ್ಬರನ್ನು ಕಂಡರೆ ಮಾತ್ರ ಮೈ ಉರಿಯುತ್ತಿತ್ತು. ನನ್ನ ಬೀಗಿತ್ತಿ, ಅಳಿಯನ ತಾಯಿ. ಕೃಷ್ಣಮೂರ್ತಿಪುರಂನವರು, ಟೀಚರಾಗಿ ರಿಟೈರಾದವರು. ನಾನು ಓದಿದ್ದು ನಾಲ್ಕನೇ ಕ್ಲಾಸು. ನಮ್ಮ ಮನೆಗೆ ಬಂದರೆ ಕುರ್ಚಿ ಒರೆಸಿಕೊಂಡೇ ಕೂರುತ್ತಿದ್ದರು.

ಎರಡು ಸಾವಿರದ ಇಸವಿ ದಾಟಿದ ಹೊಸತು. ರಕ್ತದಲ್ಲಿ ಕೊಬ್ಬು ಜಾಸ್ತಿ ಅಂತ ಡಾಕ್ಟರು ನನಗೆ ಕೊಲೆಸ್ಟರಾಲ್ ಮಾತ್ರೆ ಬರೆದಿದ್ದರು. ನುಂಗಿಕೊಂಡು ಸುಖವಾಗಿಯೇ ಇದ್ದೆ. ಮಗಳ ಸೀಮಂತಕ್ಕೆ ಬಂದ ಬೀಗಿತ್ತಿ ಆ ಮಾತ್ರೆ ನೋಡಿ ಮೂಗು ಮುರಿದರು. ಮಾರನೆಯ ವಾರ ಒಂದು ಡಬ್ಬಿ ಪುಡಿ ತಂದರು. ಗಿಡಮೂಲಿಕೆಯದು, ಏನೂ ತೊಂದರೆ ಮಾಡಲ್ಲ, ಮಾತ್ರೆಯ ಜೊತೆಗೇ ತಗೊಳ್ಳಿ ಅಂದರು. ಬೇಡ ಅಂದರೆ ಹೆಣ್ಣು ಕೊಟ್ಟವರಿಗೆ ಸೊಕ್ಕು ಅನ್ನುತ್ತಾರೆ. ದಿನಾ ಮಾತ್ರೆಯ ಜೊತೆ ತಗೊಂಡೆ. ಅದಕ್ಕೊಂದು ಕಟ್ಟಳೆ ಬೇರೆ: ನಾಟಿ ಔಷಧಿಯ ವಿಷಯ ಯಾರಿಗೂ ಹೇಳಬಾರದು, ಹೇಳಿದರೆ ಗುಣ ಹೋಗುತ್ತದೆ. ಇದನ್ನು ನಾನೂ ನಂಬಿದವಳೇ. ಕಾಮಾಲೆಗೆ ಸೊಪ್ಪು ಅರೆದು ಕೊಡುತ್ತಿದ್ದ ನಮ್ಮಜ್ಜಿ ಸಾಯುವಾಗಲೂ ಆ ಸೊಪ್ಪಿನ ಹೆಸರು ಹೇಳಲಿಲ್ಲ.

ಕೂಸು ಮನೆಗೆ ಬಂತು. ಕೂಸಿಗೆ ನೀರೆರೆಯುವುದು ಬಾಣಂತಿಯ ತಾಯಿಯ ಕೆಲಸ, ಅದನ್ನು ಇನ್ನೊಬ್ಬರಿಗೆ ಬಿಟ್ಟುಕೊಡುವ ಮಾತೇ ಇಲ್ಲ. ಮಣೆಯ ಮೇಲೆ ಕೂತು, ಕಾಲು ಚಾಚಿ, ಮಗುವನ್ನು ಕಾಲಮೇಲೆ ಮಲಗಿಸಿಕೊಳ್ಳಬೇಕು. ಬೀದಿಯ ಅರ್ಧ ಮಕ್ಕಳಿಗೆ ಎರೆದ ಕಾಲು ನನ್ನದು. ಈ ಸಲ ಕೂತರೆ ಏಳಲು ಆಗುತ್ತಿರಲಿಲ್ಲ. ತೊಡೆಯನ್ನು ಬಟ್ಟೆ ಹಿಂಡಿದ ಹಾಗೆ ಯಾರೋ ಹಿಂಡುತ್ತಿದ್ದರು. ತಂಬಿಗೆ ಎತ್ತಿದರೆ ತೋಳು ನಡುಗುತ್ತಿತ್ತು. ಒಂದು ದಿನ ಕೂಸು ಕಾಲಮೇಲಿಂದ ಜಾರಿತು. ಮಗಳು ಹಿಡಿದುಕೊಂಡಳು, ಬದುಕಿದೆ.

ಬಾಗಿಲಲ್ಲಿ ಬೀಗಿತ್ತಿ ನಿಂತಿದ್ದರು.

“ನಿಮ್ ಕೈಲಿ ಆಗಲ್ಲ ಬಿಡಿ ಬೀಗ್ರೇ, ವಯಸ್ಸಾಯ್ತು. ಭಾನುವಾರ ತಾಯಿ ಮಗೂನ ನಾವೇ ಕರ್ಕೊಂಡು ಹೋಗ್ತೀವಿ.”

ನನಗಿಂತ ದೊಡ್ಡವರು ಅವರು! ಬಾಣಂತನ ಮುಗಿಯದ ಮಗಳನ್ನು ತವರಿಂದ ಎಬ್ಬಿಸಿಕೊಂಡು ಹೋದರೆ ನಾನು ಬೀದಿಯಲ್ಲಿ ಹೇಗೆ ತಲೆ ಎತ್ತಲಿ?

ಮಾರನೆಯ ಬೆಳಿಗ್ಗೆಯೇ ಡಾಕ್ಟರ ಹತ್ತಿರ ಹೋದೆ. ತೊಡೆ ಒತ್ತಿ ನೋಡಿದರು. ಮೂತ್ರದ ಬಣ್ಣ ಕೇಳಿದರು. ಕಾಫಿ ಡಿಕಾಕ್ಷನ್ ಥರ ಅಂದಾಗ ಅವರ ಮುಖ ಬದಲಾಯಿತು. ಬೇರೆ ಏನಾದರೂ ತಗೋತಿದ್ದೀರಾ ಅಂದರು. ಚೀಲವನ್ನು ಮಡಿಲಿಗೆ ಎಳೆದುಕೊಂಡೆ. ಮತ್ತೆ ಕೇಳಿದರು. ಕಟ್ಟಳೆ ಒಂದು ಕಡೆ, ಜಾರಿದ ಕೂಸು ಒಂದು ಕಡೆ. ಯಾರ ಕಣ್ಣಿಗೂ ಬೀಳದಿರಲಿ ಅಂತ ಚೀಲದಲ್ಲೇ ಇಟ್ಟುಕೊಂಡಿದ್ದ ಡಬ್ಬಿಯನ್ನು ತೆಗೆದು ಮೇಜಿನ ಮೇಲೆ ಇಟ್ಟೆ.

“ನಾನೇನೂ ಹೇಳಿಲ್ಲ ಸ್ವಾಮಿ. ನೀವೇ ನೋಡ್ಕೊಳಿ.”

ಡಬ್ಬಿಯ ಮೇಲೆ ಬರೆದದ್ದನ್ನು ಓದಿದರು. ಗುಗ್ಗುಳ, ಇನ್ನೂ ಏನೇನೋ. ಆಮೇಲೆ ಬೈದರು ನೋಡಿ, ನನ್ನ ಗಂಡನೂ ಹಾಗೆ ಬೈದವನಲ್ಲ. ಮಾತ್ರೆಯೊಂದೇ ಕೆಲವರ ಮಾಂಸಖಂಡ ಕೆಡಿಸುತ್ತದಂತೆ, ಅದರ ಜೊತೆ ಇದೂ ಸೇರಿದೆ, ಯಾವುದು ಎಷ್ಟು ಕೆಡಿಸಿತೋ ತಿಳಿಯದು, ಇನ್ನೂ ಬಿಟ್ಟಿದ್ದರೆ ಕಿಡ್ನಿಗೂ ಬರುತ್ತಿತ್ತು ಅಂದರು. ಎರಡನ್ನೂ ಅವತ್ತೇ ನಿಲ್ಲಿಸಿ ರಕ್ತ ಪರೀಕ್ಷೆಗೆ ಕಳಿಸಿದರು.

“ಸೊಪ್ಪೋ ಬೇರೋ, ಏನು ತಿಂದ್ರೂ ನಂಗೆ ತೋರಿಸಿ ತಿನ್ನಿ ತಾಯಿ. ನೀವು ಮುಚ್ಚಿಟ್ರೆ ನಾನು ಕಣ್ಣು ಕಟ್ಕೊಂಡು ಮದ್ದು ಕೊಟ್ಟಂಗೆ.”

ಡಬ್ಬಿ ವಾಪಸು ಕೊಡಲಿಲ್ಲ.

ಭಾನುವಾರ ಬೀಗಿತ್ತಿ ಕಾರು ತಂದರು. ಮಗಳು ಮಂಚ ಬಿಟ್ಟು ಇಳಿಯಲಿಲ್ಲ. ಅಮ್ಮಂಗೆ ಎರೆಯೋಕೆ ಆಗೋವರೆಗೆ ಕೂಸಿನ ಮೈ ಒದ್ದೆ ಬಟ್ಟೆಯಲ್ಲಿ ಒರೆಸ್ತೀನಿ, ಹೋಗಿ ಅತ್ತೆ ಅಂದಳು. ಹೊಟ್ಟೆ ತಣ್ಣಗಾಯಿತು ನನಗೆ.

ನೋವು ಇಳಿಯಲು ಕೆಲವು ವಾರ ಹಿಡಿಯಿತು. ರಕ್ತ ಸರಿಯಾದ ಮೇಲೆ ಡಾಕ್ಟರು ಬೇರೊಂದು ಮಾತ್ರೆಯನ್ನು ಕಡಿಮೆ ಪ್ರಮಾಣದಲ್ಲಿ ಶುರುಮಾಡಿದರು. ನೋವು ಮರಳಲಿಲ್ಲ. ನಾನು ಮಣೆ ಹಾಕಿದೆ. ನನ್ನ ಬಂಗಾರ, ಕಾಲಮೇಲೆ ಮಲಗಿ ನನ್ನ ಹೊಟ್ಟೆಗೇ ಒದೆಯಿತು! ಆ ಒದೆತಕ್ಕೆ ಮೈಸೂರನ್ನೇ ಬರೆದುಕೊಡುತ್ತಿದ್ದೆ.

ಅವತ್ತೂ ಬೀಗಿತ್ತಿ ಬಾಗಿಲಲ್ಲಿದ್ದರು. “ನೋಡಿದ್ರಾ, ನನ್ನ ಪುಡಿ ಹೆಂಗೆ ಕೆಲ್ಸ ಮಾಡ್ತು!” ಅಂದರು.

“ಅದರ ವಿಷ್ಯ ನಾನು ಹೇಳಂಗಿಲ್ವಲ್ಲ ಬೀಗ್ರೇ. ಡಾಕ್ಟ್ರನ್ನ ಕೇಳಿ. ಡಬ್ಬಿ ಅವ್ರತ್ರನೇ ಐತೆ.”

ಅವರು ಏನೋ ಅನ್ನಲು ಹೊರಟರು. ನಾನು ಕೂಸಿನ ಬೆನ್ನಿಗೆ ಇನ್ನೊಂದು ತಂಬಿಗೆ ಹೊಯ್ದೆ. ಅದು ಕಿರುಚಿದ ಸದ್ದಿಗೆ ಅವರ ಮಾತು ನನಗೆ ಕೇಳಿಸಲೇ ಇಲ್ಲ.