ನೆಲ್ಡಾ ತಂದ ಇಪ್ಪತ್ತರ ಕೋವಿ

ನಮ್ಮ ಶಾಲೆಯ ಅಡುಗೆಮನೆಯಲ್ಲಿ ನನ್ನ ಜೊತೆ ಕೆಲಸ ಮಾಡುವ ನೆಲ್ಡಾ ಬಲು ಕುಳ್ಳಿ. ಮೇಲಿನ ಕಪಾಟಿಗೆ ಕೈ ಎಟುಕುವುದಿಲ್ಲ. ಬಾಯಿ ಮಾತ್ರ ಎಲ್ಲಿಗೂ ಎಟುಕುತ್ತದೆ. ಗಂಡ ರಾಯ್ಸ್ ಲಾರಿ ಡ್ರೈವರು, ಹೊರಟನೆಂದರೆ ವಾರಗಟ್ಟಲೆ ನಮ್ಮ ಅರ್ಕಾನ್ಸಾ ರಾಜ್ಯದ ಕಡೆ ತಲೆ ಹಾಕುವುದಿಲ್ಲ.

ಹೋದ ವರ್ಷ ಯಾರೋ ಅವಳ ಹಿತ್ತಲ ಶೆಡ್ಡಿಗೆ ನುಗ್ಗಿ ಮರ ಕೊಯ್ಯುವ ಗರಗಸ ಹೊತ್ತೊಯ್ದರು. "ನೀನು ಕೋವಿ ಹಿಡಿಯೋದು ಕಲಿಯೋ ತನಕ ತಮ್ಮ ಬಂದಿರ್ತಾನೆ" ಎಂದು ರಾಯ್ಸ್ ಫೋನಿನಲ್ಲೇ ತೀರ್ಪು ಕೊಟ್ಟ. ಮೈದುನ ಡೆಲ್ಮರ್ ಬಂದ, ಜೊತೆಗೆ ಅವನ ನಾಯಿ, ಹನ್ನೆರಡು ಬೋರಿನ ದಪ್ಪ ನಳಿಗೆಯ ಕೋವಿ, ಕೊಳೆಬಟ್ಟೆಯ ಮೂಟೆ. ಸೋಫಾ ಅವನದಾಯಿತು, ಟೀವಿ ಅವನದಾಯಿತು, ನೆಲ್ಡಾ ಮಾಡಿದ ಪೀಚ್ ಪೈ ನಾಯಿಯದಾಯಿತು. ಕಳ್ಳ ಒಯ್ದದ್ದು ಒಂದು ಗರಗಸ. ಇವನು ಇಡೀ ಮನೆಯನ್ನೇ ನುಂಗಿ ಕೂತ. ಕೇಳಿ ನನಗೇ ಮೈ ಉರಿಯಿತು.

ಡೆಲ್ಮರ್ ತನ್ನ ಕೋವಿಯಲ್ಲೇ ಪಾಠ ಶುರುಮಾಡಿದ. ಮೊದಲ ಈಡಿಗೇ ನೆಲ್ಡಾ ನೆಲಕ್ಕೆ ಕುಕ್ಕರಿಸಿದಳು. ಭುಜ ಬದನೆಕಾಯಿ ಬಣ್ಣಕ್ಕೆ ತಿರುಗಿತು. ಒಣಹಾಕಿದ್ದ ಅವನ ಚಡ್ಡಿ ಜರಡಿಯಾಯಿತು.

"ನಿಂಗೆ ಇನ್ನೂ ವರ್ಷ ಬೇಕು, ಅತ್ತಿಗೆ. ಇರ್ಲಿ ಬಿಡು, ನಾನಿದ್ದೀನಲ್ಲ!"

ಆ ಮಾತಿಗೆ ಹೆದರಿಯೇ ಅವಳು ಶನಿವಾರ ನನ್ನನ್ನು ಹಾಯ್ಟ್‌ನ ಕೋವಿ ಅಂಗಡಿಗೆ ಎಳೆದುಕೊಂಡು ಹೋದಳು. ಡೆಲ್ಮರನೂ ಅಂಟಿಕೊಂಡ.

"ನೋಡಿದ್ರೇನೇ ಕಳ್ಳನ ಎದೆ ಒಡೀಬೇಕು. ಹನ್ನೆರಡರದ್ದೇ ತಗೋ" ಎಂದ.

"ಅದು ಒದ್ದಿದ್ದು ನನ್ನನ್ನ. ನಾನೇನು ಕಳ್ಳಿನಾ?"

ಶಾಲೆಗೆ ಬಾಣಲೆ ಆರಿಸುವಾಗ ಅವಳು ಹೇಗೋ ಇಲ್ಲಿಯೂ ಹಾಗೆಯೇ. ಒಂದೊಂದನ್ನೂ ಭುಜಕ್ಕೇರಿಸಿ ಸುಮ್ಮನೆ ನಿಲ್ಲುವಳು. ತುದಿ ಬಾಗಿತೋ, ವಾಪಸ್ಸು. ಬೋರಿನ ಸಂಖ್ಯೆ ಏರಿದಷ್ಟೂ ನಳಿಗೆ ಸಣ್ಣದು ಎಂದು ಹಾಯ್ಟ್ ವಿವರಿಸಿದ. ಎಲ್ಲಕ್ಕಿಂತ ಸಪೂರದ್ದೊಂದನ್ನು ತಂದಿಟ್ಟ. ಸೌಟಿನಷ್ಟು ಹಗುರ.

"ಇದ್ರಲ್ಲಿ ಚರೆ ಕಮ್ಮಿ. ಗುರಿ ಚೆನ್ನಾಗಿರೋರಿಗೆ ಸರಿ. ನನ್ನ ಗುರಿ ನಂಗೊತ್ತು" ಎಂದು ಅದನ್ನೂ ಕೆಳಗಿಟ್ಟಳು. ಆಮೇಲೆ ಬಂತು ಮೋಟು ಹಿಡಿಯ ಇಪ್ಪತ್ತರದ್ದು. ಕೆನ್ನೆ ತಾನಾಗಿ ಜಾಗಕ್ಕೆ ಬಂತು, ತುದಿ ಅಲುಗಲಿಲ್ಲ.

"ಮಕ್ಕಳ ಆಟಿಕೆ!" ಎಂದು ನಕ್ಕ ಡೆಲ್ಮರ್.

ನೆಲ್ಡಾ ಅದನ್ನೇ ಕೊಂಡಳು. ಅವಳ ಹಿತ್ತಲ ಬೇಲಿಯ ಮೇಲೆ ಶಾಲೆಯ ಖಾಲಿ ಬೀನ್ಸ್ ಡಬ್ಬಿಗಳನ್ನಿಟ್ಟೆವು. ಮೊದಲನೆಯದು ಹಾರಿತು, ಎರಡನೆಯದೂ ಹಾರಿತು. ನೆಲ್ಡಾ ಕುಣಿದಳು, ನಾನೂ ಕುಣಿದೆ.

"ಕೊಡಿಲ್ಲಿ ಆ ಆಟಿಕೆ" ಎಂದ ಡೆಲ್ಮರ್. ಇವನ ಗುಟ್ಟು ಊರಿಗೇ ಗೊತ್ತು: ಕೋವಿಯ ಒದೆತಕ್ಕೆ ಹೆದರಿ ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚುತ್ತಾನೆ. ನಮ್ಮ ಕೆರೆಯ ಬಾತುಗಳೆಲ್ಲ ಮುದಿಯಾಗಿಯೇ ಸಾಯುತ್ತವೆ. ಈ ಕೋವಿ ಅಷ್ಟು ಒದೆಯಲಿಲ್ಲ. ಡಬ್ಬಿ ಹಾರಿತು. ಇನ್ನೊಂದೂ ಹಾರಿತು. ಅವನ ಮುಖ ಅರಳಿದ್ದು ನೋಡಿ, ನಿಜ ಹೇಳಬೇಕೆಂದರೆ, ನನಗೂ ಖುಷಿಯಾಯಿತು.

ಆ ಖುಷಿ ಬಹಳ ಹೊತ್ತು ಉಳಿಯಲಿಲ್ಲ. ಸೋಮವಾರವೂ ಕೋವಿ ಅವನ ತೊಡೆಯ ಮೇಲೇ, ಅವನು ಸೋಫಾದ ಮೇಲೇ.

"ಚೆನ್ನಾಗಿ ಪರೀಕ್ಷೆ ಮಾಡಿ ಕೊಡ್ತೀನಿ, ಅತ್ತಿಗೆ. ಅಲ್ಲೀ ತನಕ ನಾನಿದ್ದೀನಲ್ಲ!"

"ಕಿತ್ಕೊಳೇ!" ಎಂದೆ ನಾನು. ನೆಲ್ಡಾ ಸ್ವಲ್ಪ ಯೋಚಿಸಿ ಅವನ ಮುಂದೆ ಹೋಗಿ ನಿಂತಳು.

"ಡೆಲ್ಮರ್, ಇದು ನಿಂಗೇ ಇರ್ಲಿ."

"ನಿಜವಾಗ್ಲೂ?"

"ನಿಜವಾಗ್ಲೂ. ಆದ್ರೆ ಈಗ್ಲೇ ನಿನ್ನ ಮನೆಗೆ ತಗೊಂಡು ಹೋಗ್ಬೇಕು. ನಾಯಿನೂ."

ಅವನು ಊಟಕ್ಕೂ ನಿಲ್ಲಲಿಲ್ಲ. ಮರುದಿನವೇ ಅವಳು ಹಾಯ್ಟ್‌ನಿಂದ ಅದರ ಅವಳಿಯನ್ನು ತಂದಳು.

ರಾಯ್ಸ್ ಫೋನ್ ಮಾಡಿದಾಗ ನಾನು ಅದೇ ಸೋಫಾದ ಮೇಲೆ ಕಾಲು ಚಾಚಿ ಪೈ ತಿನ್ನುತ್ತಿದ್ದೆ.

"ಹೊಸ ಕೋವಿ ಹೆಂಗಿದೆ? ಮನೆ ಕಾಯುತ್ತಾ?"

"ಕಾದಾಯ್ತು. ಮನೆಯೊಳಗೆ ಒಂದು ಈಡೂ ಹಾರಿಸ್ದೆ ಓಡಿಸ್ಬಿಟ್ಟೆ" ಎಂದಳು ನೆಲ್ಡಾ.

"ಯಾರನ್ನ? ಕಳ್ಳನ್ನಾ?"

"ನಿನ್ನ ತಮ್ಮನ್ನ."