ಉಡಿಯಲ್ಲಿ ಹೋದ ತೊಗರಿ

ಔರಾದ ತಾಲ್ಲೂಕಿನ ನಮ್ಮ ಕಾಕಿಯ ಊರಿನಲ್ಲಿ ಅಂದು ಗ್ರಾಮಸಭೆ. ಬೇವಿನ ಕಟ್ಟೆಯ ಮೇಲೆ ಗಂಡಸರು, ಕೆಳಗೆ ಜಮಖಾನೆಯ ಮೇಲೆ ಹೆಂಗಸರು, ಎದುರಿಗೆ ಕುರ್ಚಿಯಲ್ಲಿ ಬೀಜ ಕಂಪನಿಯ ಅಧಿಕಾರಿ, ಮೈಸೂರು ಕಡೆಯ ಹೆಣ್ಣುಮಗಳು. ಭಾಲ್ಕಿಯಿಂದ ಬೆಳಗಿನ ಬಸ್ಸು ಹಿಡಿದು ಬಂದ ನಾನು ಕಾಕಿಯ ಪಕ್ಕ ಕೂತಿದ್ದೆ. ಅವಳ ಹೊಲಕ್ಕೆ ಹತ್ತಿಕೊಂಡ ಹೊಲದಲ್ಲಿ ವಂಶವಾಹಿ ಬದಲಿಸಿದ ತೊಗರಿಯನ್ನು ಪರೀಕ್ಷೆಗೆ ಬಿತ್ತಬೇಕಂತೆ. ಅದಕ್ಕೆ ಊರು ಹೂಂ ಅನ್ನಬೇಕಂತೆ.

"ಕಾಯಿ ಕೊರೆಯೋ ಹುಳ ಇದನ್ನ ಮುಟ್ಟೋದೇ ಇಲ್ಲ" ಎಂದರು ಅಧಿಕಾರಿ.

ಕಾಕಿ ಸೆರಗು ಸಿಕ್ಕಿಸಿಕೊಂಡು ಎದ್ದೇಬಿಟ್ಟಳು. "ಹುಳ ಮುಟ್ಟಂಗಿಲ್ಲ, ಖರೇರಿ. ಜೇನು ಮುಟ್ಟತಾವಲ್ಲ? ನಿಮ್ಮ ಹೂವಿನ ಮ್ಯಾಲ ಕುಂತು ನನ್ನ ಹೂವಿಗಿ ಬಂದ್ರ, ನಮ್ಮತ್ತಿ ಕೊಟ್ಟ ತೊಗರಿ ಆಮ್ಯಾಲ ಯಾರದರಿ? ನಂದೋ, ನಿಮ್ಮ ಕಂಪನೀದೋ?"

ಕಟ್ಟೆಯೇ ಎದ್ದು ಕುಣಿದಂತಾಯಿತು! ಇಷ್ಟು ದೊಡ್ಡ ಪ್ರಶ್ನೆಯನ್ನು ನಾನು ಯಾವ ಭಾಷಣದಲ್ಲೂ ಕೇಳಿರಲಿಲ್ಲ. ಕೈ ಎತ್ತಿಸಿದರು. ಪರೀಕ್ಷೆ ಬೇಡ ಎಂದೇ ಊರು ಠರಾವು ಮಾಡಿತು.

ಆಮೇಲೆ ಕಾಕಿ ಆ ಹೆಣ್ಣುಮಗಳನ್ನು ಮನೆಗೆ ಕರೆದು ಚಹಾ ಕೊಟ್ಟಳು, ಕುಂಕುಮ ಹಚ್ಚಿದಳು, ಉಡಿ ತುಂಬಿ ಕಳಿಸಿದಳು. ಜೀಪು ಓಣಿ ದಾಟಿದ ಮೇಲೆ ಕಾಕಾ ಕೇಳಿದರು: "ಉಡಿಗಿ ಏನ ಹಾಕಿದಿ?"

"ತೊಗರಿ."

"ಯಾವ ತೊಗರಿ?"

ಕಾಕಿ ಬಿತ್ತನೆಯ ಗಡಿಗೆಯತ್ತ ನೋಡಿದಳು, ಬಾಯಿಗೆ ಸೆರಗು ಹಿಡಿದಳು.

"ಸಭಾದಾಗ ಹುಲಿ, ಮನ್ಯಾಗ ದಾನಶೂರಿ! ನಾಳಿ ಅದಕ್ಕ ಏನರೆ ಸೇರಿಸಿ ತಮ್ಮದಂತ ನಮಗೇ ಮಾರ್ತಾರ, ನೋಡು."

"ಮನಿಗಿ ಬಂದ ಹೆಣ್ಮಗಳನ್ನ ಬರೀ ಉಡೀಲೆ ಹ್ಯಾಂಗ ಕಳಸಲಿ?"

"ಅಕ್ಕಿ ಇರಲಿಲ್ಲೇನ?"

"ಮುಗದು ಮೂರು ದಿನ ಆತು. ತಂದು ಹಾಕವ್ರು ಯಾರು?"

ನಾನು ನಕ್ಕೆ, ಕಾಕಿ ನಗಲಿಲ್ಲ. "ಅವರದಂತ ಆದ್ರ ನಮ್ಮತ್ತಿಗಿ ಏನ ಹೇಳ್ಲಿ?" ಎಂದಳು. ಅತ್ತೆ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಆಗ ನನಗೆ ನೆನಪಾಯಿತು: ರೈತರು ತಾವು ಉಳಿಸಿಕೊಂಡು ಬಂದ ತಳಿಯನ್ನು ತಮ್ಮ ಹೆಸರಿಗೇ ನೋಂದಾಯಿಸಲು ಕಾಯಿದೆಯಲ್ಲಿ ಅವಕಾಶವಿದೆ. ಹೇಳಿದ್ದೇ ತಡ, ಕಾಕಿ ಚಪ್ಪಲಿ ಮೆಟ್ಟಿದಳು.

"ಏಳವಾ, ಬೀದರಿಗಿ ಹೋಗೂಣ!"

"ಇವತ್ತ ರವಿವಾರ ಕಾಕಿ, ಕಚೇರಿ ಬಂದ್ ಇರ್ತಾವ."

ಮರುದಿನ ಬೀದರಿನ ಕೃಷಿ ಕಚೇರಿಯ ಬಾಗಿಲು ತೆರೆಯುವ ಮೊದಲೇ, ಆ ತೊಗರಿಯನ್ನೇ ಬಿತ್ತುತ್ತ ಬಂದ ಊರಿನ ಹೆಂಗಸರೆಲ್ಲ ಮೆಟ್ಟಿಲ ಮೇಲೆ ಕೂತಿದ್ದರು. ಎಲ್ಲರ ಹೆಸರಿನಲ್ಲಿ ಒಂದೇ ಅರ್ಜಿ ಕೊಟ್ಟೆವು. ಎರಡು ಹಂಗಾಮು ಕಳೆದ ಮೇಲೆ, ತೊಗರಿ ಕೊಯ್ಯುವ ದಿನಗಳಲ್ಲಿ, ನೋಂದಣಿಯಾಯಿತೆಂದು ಫೋನು ಬಂತು. ಕಾಕಿ ಕುಡುಗೋಲನ್ನು ಬದುವಿನ ಮೇಲಿಟ್ಟು, ಸುದ್ದಿ ಹೇಳಲು ಪಕ್ಕದ ಹೊಲದವರನ್ನು ಕೂಗಿ ಕರೆದಳು.